ಶಾಲು ಸಾಕು, ಹಿರಿಯರ ಜೊತೆ ಒಮ್ಮೆ ಗುಡ್ಡೆ ಹತ್ತಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ನಮ್ಮ ಗಡಿಭಾಗದ ಪಂಚಾಯತುಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ನಮಸ್ಕಾರಗಳು.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಅಹವಾಲನ್ನು ನನ್ನ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಅವಕಾಶ ಕೊಟ್ಟಿದೆ. ಉತ್ತರವೂ ಕನ್ನಡದಲ್ಲಿ ಬಂದರೆ ಸಂತೋಷ. ಮಲಯಾಳದಲ್ಲಿ ಬಂದರೂ ಓದಿಕೊಳ್ಳುತ್ತೇನೆ. ಏಳು ಭಾಷೆಗಳ ಈ ನಾಡಿನಲ್ಲಿ ಬೆಳೆದವನಿಗೆ ಅದೇನು ದೊಡ್ಡ ವಿಷಯವಲ್ಲ. ಉತ್ತರವೇ ಬಾರದಿದ್ದರೆ ಮಾತ್ರ ಬೇಸರವಾದೀತು.

ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್ 1 ಹಿರಿಯ ನಾಗರಿಕರ ದಿನ. ಆ ವಾರದಲ್ಲಿ ಊರೂರಿನ ಸಭಾಭವನಗಳಲ್ಲಿ ಸನ್ಮಾನ ನಡೆಯುತ್ತದೆ. ಸಾಲಾಗಿ ಕುರ್ಚಿ, ಸಾಲಾಗಿ ಹಿರಿಯರು, ಹೆಗಲಿಗೆ ಶಾಲು, ಮಡಿಲಿಗೆ ಹಣ್ಣಿನ ಬುಟ್ಟಿ, ಒಂದು ಫೋಟೋ. ಹಿಂದಿನ ಒಂದು ಸಭೆಯಲ್ಲಿ ನಾನೂ ಇದ್ದೆ. ಸನ್ಮಾನಿತರಲ್ಲಿ ಒಬ್ಬರು ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡುತ್ತಿದ್ದವರು, ಎಂಬತ್ತು ದಾಟಿದವರು. ನಿರೂಪಕರು ಅವರನ್ನು ‘ಕೃಷಿ ಕಾರ್ಮಿಕರು’ ಎಂದು ಒಂದೇ ಮಾತಿನಲ್ಲಿ ಪರಿಚಯಿಸಿ ಮುಂದಿನವರ ಹೆಸರಿಗೆ ಹೋದರು. ವೇದಿಕೆಯ ಮೇಲಿದ್ದ ಭಾಷಣಕಾರರು ಮುಕ್ಕಾಲು ಗಂಟೆ ಹಿರಿಯರ ಆದರ್ಶಗಳ ಬಗ್ಗೆ ಮಾತನಾಡಿದರು. ಆ ಹಿರಿಯರಿಗೆ ಮಾತನಾಡಲು ಎರಡು ನಿಮಿಷವನ್ನೂ ಯಾರೂ ಕೊಡಲಿಲ್ಲ.

ಆ ಕೊಡದ ಎರಡು ನಿಮಿಷಕ್ಕೆ ಬದಲಾಗಿ ಈ ಪತ್ರ.

ತಾವು ಹೊಸಬರಾಗಿದ್ದರೆ ಒಂದು ಮಾತು ಹೇಳಬೇಕು. ಕೇರಳದ 44 ನದಿಗಳಲ್ಲಿ 12 ಈ ಪುಟ್ಟ ಜಿಲ್ಲೆಯಲ್ಲೇ ಹರಿಯುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಆದರೂ ಮಾರ್ಚ್ ಬಂತೆಂದರೆ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆಯ ಗುಡ್ಡೆಗಳಲ್ಲಿ ಕೊಡ ಹಿಡಿದು ನಡೆಯಬೇಕಾಗುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡೆಗಳು ಇವು. ಬಿದ್ದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಆದರೆ ನಮಗೆ ಬೇಕಾದ ಜಾಗದಲ್ಲಿ ಬಿಟ್ಟುಕೊಡುವುದಿಲ್ಲ. ಇಳಿಜಾರಿನ ಮನೆಗೆ ಬಾವಿ ತೋಡಿದರೆ ಆಳ ಹೋಗಬೇಕು, ಹೋದರೂ ಕಲ್ಲು ಸಿಗುವುದೇ ಹೆಚ್ಚು. ಆದ್ದರಿಂದ ನಮ್ಮ ಹಿರಿಯರು ಕೆಳಕ್ಕೆ ತೋಡುವುದು ಬಿಟ್ಟು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ತೋಡಿದರು. ಅದೇ ಸುರಂಗ. ಒಬ್ಬ ಮನುಷ್ಯ ಸೊಂಟ ಬಗ್ಗಿಸಿ ಹೋಗುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ಸೆಲೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹೊರಬಾಯಿಯಿಂದ ಅಡಿಕೆ ಮರದ ದಂಬೆಯಲ್ಲಿ ಕೆರೆಗೆ, ಕೆರೆಯಿಂದ ತೋಟಕ್ಕೆ.

ತೋಡುವ ಕೆಲಸ ಹೇಗಿತ್ತೆಂದು ಹತ್ತಿರದಿಂದ ನೋಡಿದ್ದೇನೆ. ನಮ್ಮ ಗುಡ್ಡೆಯಲ್ಲಿ ಸುರಂಗ ತೋಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಜೆಯಲ್ಲಿ ಮಣ್ಣು ಹೊರಲು ನನ್ನನ್ನೂ ಸೇರಿಸಿಕೊಂಡಿದ್ದರು. ತೋಡುವವರು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು ಕುಕ್ಕರುಗಾಲಿನಲ್ಲಿ ಕುಳಿತು, ಗಿಡ್ಡ ಹಿಡಿಯ ಪಿಕ್ಕಾಸಿನಲ್ಲಿ ಕಲ್ಲನ್ನು ಕೆರೆಯುತ್ತಾ ಮುಂದೆ ಹೋಗುತ್ತಿದ್ದರು. ಗೋಡೆಯಲ್ಲಿ ಅಲ್ಲಲ್ಲಿ ಅಂಗೈಯಗಲದ ಗೂಡು ಕೊರೆದು ಅದರಲ್ಲಿ ದೀಪ ಇಡುತ್ತಿದ್ದರು. ತೆಂಗಿನೆಣ್ಣೆಯ ದೀಪ, ಸೀಮೆಎಣ್ಣೆಯದಾದರೆ ಹೊಗೆ ಕಟ್ಟುತ್ತದೆ. ದೀಪ ಮಂಕಾಯಿತೆಂದರೆ ಒಳಗೆ ಗಾಳಿ ಕಡಿಮೆಯಾಗಿದೆ, ಕೂಡಲೇ ಹೊರಗೆ ಬರಬೇಕು. ಸುರಂಗ ನೇರ ಹೋಗುತ್ತಿದೆಯೋ ಎಂದು ನೋಡಲು ಬಾಯಿಯ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಬೇಕಿತ್ತು. ಕನ್ನಡಿ ಹಿಡಿಯುವ ಕೆಲಸ ನನ್ನದು. ನೆಲ ಒಂದಿಷ್ಟು ಹೊರಗೆ ವಾಟ (ಇಳಿಜಾರು) ಇರಬೇಕು, ಇಲ್ಲದಿದ್ದರೆ ಕೆಸರು ನಿಲ್ಲುತ್ತದೆ. ಹೆಚ್ಚು ವಾಟವಾದರೆ ನೀರು ನೆಲವನ್ನೇ ಕೊರೆಯುತ್ತದೆ. ಅವರ ಬಳಿ ಮಟ್ಟಗೋಲು ಇರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ನೀರು ಸುರಿದು ನೋಡುತ್ತಿದ್ದರು.

ಕೂಲಿ ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಹೆಚ್ಚು ಕೋಲು ತೋಡಿದಷ್ಟೂ ತೋಡಿದವನಿಗೆ ಲಾಭ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ನೀರು ಸಿಕ್ಕಿತು. ಹೆಬ್ಬೆರಳು ಗಾತ್ರದ ಧಾರೆ. ನನ್ನ ಅಪ್ಪನಿಗೆ ಇನ್ನೂ ಐದು ಕೋಲು ಹೋಗಬೇಕೆಂಬ ಆಸೆ. ಇಷ್ಟು ಬಂದಿದೆ ಎಂದ ಮೇಲೆ ಒಳಗೆ ಇನ್ನೂ ಇರಲೇಬೇಕಲ್ಲ! ತೋಡುವವರು ಪಿಕ್ಕಾಸನ್ನು ಕೆಳಗಿಟ್ಟರು. “ಕೆಳಗಿನ ಮನೆಯ ಬಾವಿಗೂ ಇದೇ ಸೆಲೆ. ಇನ್ನು ಮುಂದೆ ಹೋದರೆ ನಿಮ್ಮ ಕೆರೆ ತುಂಬಿ ಚೆಲ್ಲುತ್ತದೆ, ಅವರ ಬಾವಿ ಕುಂಭ ಮಾಸಕ್ಕೆ ಒಣಗುತ್ತದೆ” ಎಂದರು. ಅಪ್ಪ ಕೂಲಿ ಹೆಚ್ಚು ಕೊಡುವುದಾಗಿ ಹೇಳಿದರು. “ಹಾಗಾದರೆ ಬೇರೆಯವರನ್ನು ಕರೆಸಿಕೊಳ್ಳಿ” ಎಂದು ಅವರು ಹೊಸ ನೀರಿನಲ್ಲೇ ಪಿಕ್ಕಾಸು ತೊಳೆದು ಹೆಗಲಿಗೇರಿಸಿದರು.

ಸ್ವಾರಸ್ಯ ಏನೆಂದರೆ ಆ ಕೆಳಗಿನ ಮನೆಯವರಿಗೂ ಈ ತೋಡುವವರಿಗೂ ಮಾತೇ ಇರಲಿಲ್ಲ. ಹಿಂದೆ ಯಾವುದೋ ಬೇಲಿಯ ವಿಷಯಕ್ಕೆ ಜಗಳವಾಗಿ, ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಸೆಲೆಯ ಬಗ್ಗೆ ಅವರ ಲೆಕ್ಕ ಸರಿಯೇ ಎಂದು ಭೂಗರ್ಭ ತಜ್ಞರು ಬೇಕಿದ್ದರೆ ವಾದಿಸಲಿ. ಕೂಲಿಯನ್ನೇ ನಂಬಿ ಬದುಕುತ್ತಿದ್ದ ಮನುಷ್ಯ, ತನಗಾಗದವರ ಬಾವಿಗಾಗಿ ಐದು ಕೋಲಿನ ಕೂಲಿ ಬಿಟ್ಟು ಎದ್ದು ಹೋದರಲ್ಲ, ನನಗೆ ಮುಖ್ಯ ಅದು. ಅಪ್ಪ ಎರಡು ದಿನ ಗೊಣಗಿದರು. ಬೇರೆಯವರನ್ನು ಕರೆಸಲಿಲ್ಲ.

ಇಂದು ಯಾರಾದರೂ ಹೀಗೆ ಮಾಡಿಯಾರೇ? ತಮಿಳುನಾಡಿನ ತಿರುಚೆಂಗೋಡಿನಿಂದ ಕೊಳವೆಬಾವಿ ಕೊರೆಯುವ ರಿಗ್ ಲಾರಿ ರಾತ್ರಿ ಗೇಟಿನ ಬಳಿ ಬಂದು ನಿಂತರೆ, ಅದರ ಮೇಸ್ತ್ರಿ ಪಕ್ಕದ ಮನೆಯ ಬಾವಿಯನ್ನು ವಿಚಾರಿಸುವುದಿಲ್ಲ. ಅಡಿಗೆ ಇಷ್ಟು ದರ, ಮುನ್ನೂರು ದಾಟಿದರೆ ಇಷ್ಟು, ಐನೂರು ದಾಟಿದರೆ ಇಷ್ಟು. ಅವನನ್ನು ದೂರಿ ಪ್ರಯೋಜನವಿಲ್ಲ, ಕರೆಸಿದವರು ನಾವೇ.

ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ತಾವು ಕೇಳಿರಬಹುದು. 2022ರಲ್ಲಿ ಪದ್ಮಶ್ರೀ ಬಂದಾಗ ಎಲ್ಲ ಪತ್ರಿಕೆಗಳಲ್ಲೂ ಅವರ ಚಿತ್ರ ಬಂದಿತ್ತು. ಅವರ ಊರು ಅಡ್ಯನಡ್ಕ, ದಾಖಲೆಯಲ್ಲಿ ಕರ್ನಾಟಕ, ನಮ್ಮ ಎಣ್ಮಕಜೆಯಿಂದ ಕೂಗಳತೆ. ಹಗಲು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ; ಅದು ಮುಗಿದ ಮೇಲೆ ತನ್ನ ಪಾಲಿಗೆ ಬಂದ ಒಣ ಗುಡ್ಡೆಯಲ್ಲಿ ದೀಪ ಹಿಡಿದು ಒಬ್ಬರೇ ಸುರಂಗ ತೋಡಿದರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಕಾಣಲಿಲ್ಲ. ಊರವರು ನಕ್ಕರು. ಅವರು ಮತ್ತೊಂದನ್ನು ತೋಡಿದರು. ಕೊನೆಗೆ ನೀರು ಬಂತು, ಗುಡ್ಡೆ ತೋಟವಾಯಿತು. ಪ್ರಶಸ್ತಿ ಸಂದದ್ದು ನನಗೆ ಬಹಳ ಸಂತೋಷ. ಆದರೆ ನಮ್ಮ ಕಡೆಯ ಗುಡ್ಡೆಗಳಲ್ಲಿ ಅವರ ಹಾಗೆ ತೋಡಿದವರು, ಹೆಸರಿಲ್ಲದೆ ಹೋದವರು ಎಷ್ಟು ಜನ! ಅಡ್ಯನಡ್ಕದಲ್ಲಿ ಗಡಿಗೆರೆ ಇದೆ, ಮುರಕಲ್ಲಿನ ಒಳಗೆ ಅಂಥದ್ದೇನೂ ಇಲ್ಲ. ಈ ಜಿಲ್ಲೆ ಹುಟ್ಟಿದ್ದು 1984ರಲ್ಲಿ. ಇಲ್ಲಿನ ಎಷ್ಟೋ ಸುರಂಗಗಳು ಜಿಲ್ಲೆಗಿಂತ ವಯಸ್ಸಿನಲ್ಲಿ ಹಿರಿಯವು.

ಸುರಂಗ ಒಂದು ಮನೆಯದ್ದಾದರೆ ಕಟ್ಟ ಊರಿನದ್ದು. ಏತಡ್ಕದ ಕಡೆ ಹೋಗಿದ್ದರೆ ತಾವು ನೋಡಿರುತ್ತೀರಿ, ಒಂದೇ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಗಳು. ಮಳೆ ನಿಂತು ತೋಡಿನ ಹರಿವು ಇಳಿಯುತ್ತಾ ಬರುವ ಹೊತ್ತಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ತುಳಿದು ನೀರನ್ನು ತಡೆಯುವುದು. ನಿಂತ ನೀರು ಎರಡೂ ಬದಿಯ ಮಣ್ಣಿಗೆ ಇಳಿದು ಬಾವಿಗಳನ್ನು ಮೇ ತನಕ ಕಾಯುತ್ತದೆ. ಮುಂದಿನ ಮಳೆಗಾಲಕ್ಕೆ ಕಟ್ಟವೇ ಇರುವುದಿಲ್ಲ, ಕೊಚ್ಚಿಹೋಗುತ್ತದೆ. ಮತ್ತೆ ಕಟ್ಟಬೇಕು.

ಪ್ರತಿ ವರ್ಷ ಕಟ್ಟಬೇಕಾದದ್ದರಿಂದಲೇ ಆ ಜನರ ಗುಣ ಹಾಗಿತ್ತೋ, ಗುಣ ಹಾಗಿದ್ದದ್ದರಿಂದ ಪ್ರತಿ ವರ್ಷ ಕಟ್ಟಲು ಸಾಧ್ಯವಾಯಿತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಟ್ಟ ಹಾಕುವ ದಿನ ಯಾರೂ ತಪ್ಪಿಸುವಂತಿರಲಿಲ್ಲ. ಜಾಗದ ತಕರಾರಿನಲ್ಲಿ ಕಾಸರಗೋಡಿನ ಕೋರ್ಟಿಗೆ ಒಬ್ಬರ ವಿರುದ್ಧ ಒಬ್ಬರು ಅಲೆಯುತ್ತಿದ್ದ ಇಬ್ಬರು, ಆ ದಿನ ಒಂದೇ ಬಂಡೆಗೆ ಎರಡು ಬದಿಯಿಂದ ಕೈ ಹಾಕಿ ಎತ್ತುತ್ತಿದ್ದರು. ಗಂಜಿಗೂ ಒಟ್ಟಿಗೆ ಕೂರುತ್ತಿದ್ದರು. ಮರುದಿನ ಮತ್ತೆ ಮಾತಿಲ್ಲ, ಕಥೆಯಿಲ್ಲ, ವಾಯಿದೆಗೆ ಬೇರೆ ಬೇರೆ ಬಸ್ಸಿನಲ್ಲಿ ಪ್ರಯಾಣ. ಜಗಳವಾಡಲೂ ಒಂದು ಮರ್ಯಾದೆ ಇತ್ತು. ಮೇಲಿನ ಕಟ್ಟದವರು ಎಷ್ಟು ನೀರು ಹಿಡಿಯಬೇಕು, ಕೆಳಗಿನವರಿಗೆ ಎಷ್ಟು ಬಿಡಬೇಕು ಎಂಬುದಕ್ಕೆ ಬರಹದ ಕರಾರು ಎಲ್ಲೂ ಇರಲಿಲ್ಲ. ಅದನ್ನು ಮೀರಿದವನ ಮನೆಯ ಮದುವೆಗೆ ಹೋಗಲು ಊರವರು ಸಲ್ಪ ಯೋಚಿಸುತ್ತಿದ್ದರು, ಅಷ್ಟೇ.

ನಮ್ಮ ತೋಡಿಗೆ ಒಂದು ಇಲಾಖೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕಟ್ಟಿಸಿತು. ಗಟ್ಟಿ ಕಾಮಗಾರಿ, ಅದರಲ್ಲಿ ದೂರಿಲ್ಲ. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು, ಮಳೆಗೆ ಮುಂಚೆ ತೆಗೆಯಬೇಕು. ಹಲಗೆ ಇಳಿಸುವವರು ಯಾರು? ಕಟ್ಟಿದವರ ಕೆಲಸ ಎಂದು ಊರವರು, ಊರವರ ಸಮಿತಿಯದ್ದು ಎಂದು ಕಟ್ಟಿದವರು. ಹಲಗೆಗಳು ಬದಿಯ ಶೆಡ್ಡಿನಲ್ಲಿ ಗೆದ್ದಲು ತಿಂದು ಪುಡಿಯಾದವು. ಕಿಂಡಿಗಳ ನಡುವೆ ನೀರು ಸರಾಗ ಹರಿದು ಸಮುದ್ರ ಸೇರುತ್ತಿದೆ. ಅಣೆಕಟ್ಟು ಬಂದಮೇಲೆ ಮಣ್ಣಿನ ಕಟ್ಟವನ್ನೂ ನಿಲ್ಲಿಸಿದ್ದರಿಂದ ಈಗ ಎರಡೂ ಇಲ್ಲ. ಲಕ್ಷಗಟ್ಟಲೆ ಖರ್ಚಿನ ಈ ಕಾಮಗಾರಿ ಮಾಡುವ ಮೊದಲು, ಹಿಂದೆ ಅದೇ ಜಾಗದಲ್ಲಿ ಕಟ್ಟ ಹಾಕಿಸುತ್ತಿದ್ದ ಮುದುಕರೊಬ್ಬರ ಬಳಿ ಅರ್ಧ ಗಂಟೆ ಕುಳಿತಿದ್ದರೆ, ಜಾಗ ಇನ್ನೂರು ಅಡಿ ಮೇಲಿರಬೇಕಿತ್ತು ಎಂಬುದೂ ಗೊತ್ತಾಗುತ್ತಿತ್ತು, ಹಲಗೆ ಇಳಿಸಲು ಯಾರ ಹೆಗಲಿಗೆ ಹೊಣೆ ಹಾಕಬೇಕೆಂಬುದೂ.

ಗಂಡಸರ ಮಾತೇ ಆಯಿತು. ಪಿಕ್ಕಾಸು, ಕಲ್ಲು ಎಂದರೆ ಲೇಖನಗಳಲ್ಲಿ ಹೆಂಗಸರು ಮಾಯವಾಗುತ್ತಾರೆ. ನಮ್ಮ ಸುರಂಗದ ಕೆರೆಯ ನೀರು ಮೂರು ಮನೆಗೆ ಪಾಳಿಯಲ್ಲಿ ಹೋಗುತ್ತಿತ್ತು. ಅದರ ಲೆಕ್ಕ ಇಡುತ್ತಿದ್ದವರು ನನ್ನ ದೊಡ್ಡಮ್ಮ. ಅಡುಗೆಮನೆಯ ಬಾಗಿಲಿನ ಹಿಂಬದಿಯಲ್ಲಿ ಇದ್ದಿಲಿನ ಗೆರೆಗಳು. ಮೂರು ಸಾಲು, ಮೂರು ಮನೆ. ಒಂದು ಬೇಸಗೆಯಲ್ಲಿ ನಮ್ಮ ವೀಳ್ಯದೆಲೆ ಬಳ್ಳಿ ಬಾಡುತ್ತಿತ್ತು. ಪಕ್ಕದ ಮನೆಯವರ ಪಾಳಿಯ ದಿನ ನಮ್ಮ ಚಿಕ್ಕಪ್ಪ ಯಾರೂ ನೋಡದ ಹೊತ್ತಿನಲ್ಲಿ ತೂಬನ್ನು ನಮ್ಮ ಕಡೆಗೆ ತಿರುಗಿಸಿಬಿಟ್ಟರು. ಅರ್ಧ ಗಂಟೆಯಾದ ಮೇಲೆ ದೊಡ್ಡಮ್ಮ ಅದನ್ನು ಕಂಡರು. ಬೈಯಲಿಲ್ಲ. ಗೋಡೆ ಗಡಿಯಾರ ನೋಡಿದರು, ಬಾಗಿಲ ಹಿಂದೆ ಒಂದು ಅರ್ಧ ಗೆರೆ ಎಳೆದರು. ನಮ್ಮ ಪಾಳಿಯ ದಿನ ಅರ್ಧ ಗಂಟೆ ಮೊದಲೇ ತೂಬನ್ನು ಪಕ್ಕದವರ ಕಡೆ ತಿರುಗಿಸಿ ಗೆರೆ ಒರೆಸಿದರು. ಪಕ್ಕದ ಮನೆಯವರಿಗೆ ನೀರು ಹೋದದ್ದೂ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ. ಚಿಕ್ಕಪ್ಪ ಮಾತ್ರ ಆ ಬೇಸಗೆ ಮುಗಿಯುವ ತನಕ ಅಡುಗೆಮನೆಯ ಕಡೆ ಸುಳಿಯಲಿಲ್ಲ.

ಹೀಗೆಲ್ಲ ಬರೆದಾಗ, ಹಳೆಯ ಕಾಲ ಚಿನ್ನದಂಥದ್ದು ಎನ್ನುತ್ತಿದ್ದಾನೆ ಇವನು ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲ. ಗುಡ್ಡೆಯೊಳಗೆ ಉಸಿರು ಬಿಗಿಹಿಡಿದು ನೀರು ತಂದವರಲ್ಲಿ ಎಷ್ಟೋ ಮಂದಿ ಆ ನೀರಿನ ಕೆರೆಯ ದಂಡೆ ಹತ್ತುವಂತಿರಲಿಲ್ಲ. ಅವರನ್ನು ದೂರ ನಿಲ್ಲಿಸಿದವರೂ ಇದೇ ತಲೆಮಾರಿನವರು. ಭೂಮಾಲೀಕನ ಸಜ್ಜನಿಕೆಯ ಕತೆಗಳನ್ನು ಭೂಮಾಲೀಕನ ಮಕ್ಕಳೇ ಹೇಳುತ್ತಾ ಬಂದಿದ್ದಾರೆ ಎಂಬುದೂ ನನಗೆ ಗೊತ್ತು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಒಕ್ಕಲಿಗೆ ಜಾಗ ಕೊಟ್ಟಾಗ ಹಲ್ಲು ಕಡಿದವರ ಮನೆಗಳನ್ನೂ ನೋಡಿದ್ದೇನೆ. ನಾನು ಮೆಚ್ಚುವುದು ಆ ವ್ಯವಸ್ಥೆಯನ್ನಲ್ಲ. ಅದರ ಅತಿ ಕೆಳಗಿನ ಮೆಟ್ಟಿಲಿನಲ್ಲಿ ನಿಂತೂ ‘ಕೆಳಗಿನ ಮನೆಯ ಬಾವಿ ಒಣಗುತ್ತದೆ’ ಎಂದು ಪಿಕ್ಕಾಸು ಕೆಳಗಿಟ್ಟವರನ್ನು. ಅನ್ಯಾಯ ಉಂಡವರು ಇನ್ನೊಬ್ಬರಿಗೆ ಅನ್ಯಾಯ ಬಡಿಸಲಿಲ್ಲ ಎಂಬುದು ಸಣ್ಣ ಮಾತಲ್ಲ.

ಆ ತಲೆಮಾರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ಕೇರಳದವರಾಗಿ ಎದ್ದವರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಆ ವರದಿ ಅಲ್ಲೇ ಉಳಿಯಿತು. ಇದರ ನೋವು ದೊಡ್ಡದು, ಇಲ್ಲಿ ಅದನ್ನು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ: ನೋವನ್ನು ನೆಪ ಮಾಡಿಕೊಂಡು ಅವರು ಕೈಕಟ್ಟಿ ಕೂರಲಿಲ್ಲ. ಕವಿ ಕಯ್ಯಾರ ಕಿಂಞಣ್ಣ ರೈಗಳು ಕರ್ನಾಟಕದಲ್ಲಿ ವಿಲೀನವಾಗಬೇಕೆಂಬ ಹೋರಾಟವನ್ನು ನೂರು ವರ್ಷ ತುಂಬಿ 2015ರಲ್ಲಿ ಕಣ್ಣುಮುಚ್ಚುವ ತನಕ ಬಿಡಲಿಲ್ಲ. ಅದೇ ಹೊತ್ತಿಗೆ ಪೆರಡಾಲದ ಶಾಲೆಯಲ್ಲಿ ಮೇಷ್ಟರಾಗಿ ಪಾಠ ಮಾಡಿದರು, ತೋಟದಲ್ಲಿ ದುಡಿದರು, ಕೇರಳದ ಆಡಳಿತದಲ್ಲೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಊರಿನ ಕೆಲಸ ಮಾಡಿದರು. ಅಡಿಕೆಯ ಧಾರಣೆ ಪಾತಾಳಕ್ಕಿಳಿದ ಕಾಲದಲ್ಲಿ, ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಕಟ್ಟಿದಾಗ ಎರಡೂ ರಾಜ್ಯದ ಬೆಳೆಗಾರರನ್ನು ಒಂದೇ ಸಹಕಾರಿಯಲ್ಲಿ ಸೇರಿಸಿಕೊಂಡರು. ಸರ್ಕಾರಗಳು ಗೆರೆಯ ಬಗ್ಗೆ ಜಗ್ಗಾಡುತ್ತಿದ್ದಾಗ ಇವರು ಗೆರೆಯ ಎರಡೂ ಬದಿಯ ಅಡಿಕೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದರು. ಇಂದಿಗೂ ಅದು ನಡೆಯುತ್ತಿದೆ.

ಈಗ ತಮ್ಮಿಂದ ಆಗಬೇಕಾದ ಕೆಲಸದ ಮಾತು.

ರಾಷ್ಟ್ರೀಯ ಹೆದ್ದಾರಿ ಆರು ಪಥವಾಗುವಾಗ ಈ ಜಿಲ್ಲೆಯ ಎಷ್ಟು ಗುಡ್ಡೆಗಳು ಕರಗಿದವು ಎಂದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಮನೆ, ಲೇಔಟು, ಮೈದಾನಗಳಿಗೂ ಗುಡ್ಡೆ ಕಡಿಯುತ್ತಾರೆ. ಮಣ್ಣು ತೆಗೆಯಲು ಪರವಾನಗಿ ಕೊಡುವಾಗ ಮರ ಎಷ್ಟಿದೆ, ದಾರಿ ಎಲ್ಲಿದೆ ಎಂದು ನೋಡುತ್ತಾರೆ. ಗುಡ್ಡೆಯ ಹೊಟ್ಟೆಯಲ್ಲಿ ಸುರಂಗ ಹೋಗಿದೆಯೇ ಎಂದು ನೋಡುವವರಿಲ್ಲ, ಏಕೆಂದರೆ ಅದು ನಕ್ಷೆಯಲ್ಲಿಲ್ಲ. ಕಡಿಯುವಾಗ ಸುರಂಗ ಕುಸಿದರೆ ಸಾಕು, ಕೆಳಗಿನ ಮನೆಗಳ ನೀರು ನಿಲ್ಲುತ್ತದೆ. ಯಾವ ಸುರಂಗ ಎಲ್ಲಿ ಆರಂಭವಾಗಿ ಎತ್ತ ತಿರುಗುತ್ತದೆ, ಎಲ್ಲಿ ಕವಲೊಡೆದಿದೆ, ಯಾವುದು ಕುಸಿದಿದೆ ಎಂಬುದು ತೋಡಿದವರ ತಲೆಯಲ್ಲಿದೆ. ಗ್ರಾಮಕ್ಕೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರೊಡನೆ ಒಬ್ಬ ಸರ್ವೆಯವರನ್ನೂ ತುಳು ಅಥವಾ ಕನ್ನಡ ಬಲ್ಲ ಒಬ್ಬರನ್ನೂ ಕಳುಹಿಸಿ, ಗುಡ್ಡೆ ಹತ್ತಿಸಿ, ಅವರು ಕೈ ತೋರಿಸಿದ ಕಡೆ ಗುರುತು ಹಾಕಿಸಿ. ಆ ದಿನದ ಕೂಲಿಯನ್ನು ಅವರಿಗೆ ಲೆಕ್ಕ ಹಾಕಿ ಕೊಡಿ. ಪುಕ್ಕಟೆ ಸೇವೆ ಎಂದು ಕರೆಯಬೇಡಿ, ಜೀವಮಾನವೆಲ್ಲ ದುಡಿದು ಉಂಡವರಿಗೆ ಅದು ಹಿಡಿಸುವುದಿಲ್ಲ. ಕಾಲು ಸಾಗದವರನ್ನು ಜೀಪಿನಲ್ಲಿ ಕರೆದೊಯ್ಯಬಹುದು, ರಬ್ಬರ್ ತೋಟಗಳ ದಯೆಯಿಂದ ಈಗ ಹೆಚ್ಚಿನ ಗುಡ್ಡೆಗಳಿಗೆ ಜೀಪು ಹೋಗುತ್ತದೆ.

ಪಂಚಾಯತಿನವರಿಗೆ ಬೇರೆ ಮಾತು. ಉದ್ಯೋಗ ಖಾತರಿಯಲ್ಲಿ ಕಟ್ಟ ಹಾಕಿಸುವಾಗ ಜಾಗ ಆರಿಸುವ ಕೆಲಸವನ್ನು ಹಳಬರಿಗೆ ಬಿಡಿ. ಅವರು ಹೇಳಿದ ಜಾಗಕ್ಕೆ ಎಸ್ಟಿಮೇಟು ಮಾಡುವುದು ಎಂಜಿನಿಯರರ ಕೆಲಸ, ಎಸ್ಟಿಮೇಟಿಗೆ ಹೊಂದುವ ಜಾಗಕ್ಕೆ ಅವರನ್ನು ಸಾಕ್ಷಿಯಾಗಿ ನಿಲ್ಲಿಸುವುದಲ್ಲ. ಕಿಂಡಿ ಅಣೆಕಟ್ಟುಗಳ ಹಲಗೆಗೆ ತೋಡಿನ ಎರಡೂ ದಡದ ಮನೆಗಳಿಂದ ಒಬ್ಬೊಬ್ಬರ ಹೆಸರು ಬರೆದು ಪಂಚಾಯತಿನ ಬೋರ್ಡಿಗೆ ಅಂಟಿಸಿ. ಇದ್ದಿಲಿನಲ್ಲಿ ಬರೆದರೂ ನಡೆಯುತ್ತದೆ.

ಬರುವುದಾದರೆ ತೋಡಿನ ಹರಿವು ಬತ್ತುವ ಮೊದಲೇ ಬನ್ನಿ. ಬತ್ತಿದ ಮೇಲೆ ಕಟ್ಟ ಹಾಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಏಳಕ್ಕೆ ಬಂದರೆ ಒಳ್ಳೆಯದು, ಒಂಬತ್ತರ ಮೇಲೆ ಆ ಮುದುಕರಲ್ಲಿ ಹೆಚ್ಚಿನವರು ಮನೆಯಲ್ಲಿ ಸಿಗುವುದಿಲ್ಲ. ಎಂಬತ್ತರಲ್ಲೂ ತೋಟದಲ್ಲಿರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಎಣ್ಮಕಜೆ ಕಡೆಯ ಒಬ್ಬ ಅಡಿಕೆ ಕೃಷಿಕ